ಅಪ್‌ಡೇಟ್: ಹಿಂದಿನ ಚಕ್ರದ ಸದ್ದು ಬರುತ್ತಿದ್ದುದು ಫ್ರೇಮ್‌ನಿಂದ

ನಮ್ಮ ತಂದೆಯ 2004ರ ಜೀಪು ಮಾದರಿ ಗಾಡಿ ಹಿಂದೆ ಎಡಕ್ಕೆ ವಾಲಿ, ಹಂಪ್ ಹತ್ತಿಸಿದಾಗ ಧಡ್ ಅನ್ನುತ್ತಿದೆ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಜಾಸ್ತಿ ಜನ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್, ಚಕ್ರದ ಮೇಲೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು) ಬದಲಿಸಿ ಅಂದಿದ್ದಿರಿ. ಒಬ್ಬರು ಮಾತ್ರ ಫ್ರೇಮ್ (ಗಾಡಿಯ ಅಡಿಯ ಟೊಳ್ಳು ಕಬ್ಬಿಣದ ಚೌಕಟ್ಟು) ನೋಡಿ ಅಂದಿದ್ದರು. ಅವರ ಮಾತೇ ನಿಜವಾಯಿತು.

ತುಮಕೂರಿನ ಅಂತರಸನಹಳ್ಳಿ ಕಡೆ ವೆಲ್ಡಿಂಗ್ ಬಲ್ಲ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿ ನೋಡಿದರು. ಪಟ್ಟಿ ಹಿಡಿಯುವ ಬ್ರಾಕೆಟ್ ಪಕ್ಕದಲ್ಲಿ ಫ್ರೇಮ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಯಿತು! ಹೊರಗೆ ಕಪ್ಪು ಅಂಡರ್‌ಕೋಟ್ (ತುಕ್ಕು ಹಿಡಿಯದಂತೆ ಅಡಿಗೆ ಬಳಿಯುವ ಲೇಪ) ಚೆನ್ನಾಗಿಯೇ ಇತ್ತು. ಒಳಗೆ ನೀರು ಇಳಿಯುವ ತೂತು ಕೆಸರಿನಿಂದ ಮುಚ್ಚಿ, ಒದ್ದೆ ಮಣ್ಣು ಕೂತು, ತಗಡು ಪದರ ಪದರವಾಗಿ ಉದುರುತ್ತಿತ್ತು.

ತುಕ್ಕಿನ ಮೇಲೆ ಸುಮ್ನೆ ತಗಡು ಹೊದಿಸಲು ನಾವು ಒಪ್ಪಲಿಲ್ಲ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ, 3 ಮಿ.ಮೀ. ಪ್ಲೇಟ್ ಇಟ್ಟು ಮಿಗ್ ವೆಲ್ಡಿಂಗ್ (ತಂತಿ ಕರಗಿಸಿ, ಗ್ಯಾಸ್ ಬಿಟ್ಟು ಮಾಡುವ ಬೆಸುಗೆ) ಮಾಡಿದರು. ಅದಕ್ಕೂ ಮೊದಲು ಡೀಸೆಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ತಂತಿ ಕಳಚಿದ್ದರು. ಇದನ್ನು ಬಿಡಲೇಬೇಡಿ. ಒಂದು ಪಟ್ಟಿ ಮುರಿದಿತ್ತು, ಅದನ್ನೂ ಪಟ್ಟಿಯ ತುದಿಗಳಲ್ಲಿ ಬೋಲ್ಟ್ ಸುತ್ತ ಕೂರುವ ರಬ್ಬರ್ ಬುಷ್‌ಗಳನ್ನೂ ಬದಲಿಸಿದೆವು. ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಿದ್ದು ಚಕ್ರ ನೆಲಕ್ಕೆ ತಾಗಿದ ಮೇಲೆ. ಗಾಳಿಯಲ್ಲಿ ತೂಗುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈಗ ಗಾಡಿ ಸಮ ನಿಂತಿದೆ, ಶಿರಾ ರೋಡಲ್ಲಿ ಎಡಕ್ಕೆ ಎಳೆಯುವುದೂ ನಿಂತಿದೆ. ಮುಂದಿನ ಕ್ರಾಸ್ ಮೆಂಬರ್‌ನಲ್ಲಿ (ಫ್ರೇಮ್‌ನ ಅಡ್ಡಪಟ್ಟಿ) ಮೇಲ್ಮೈ ತುಕ್ಕು ಮಾತ್ರ ಉಳಿದಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಉಜ್ಜಿ ಜಿಂಕ್ ಪ್ರೈಮರ್ ಹೊಡೆದು, ಫ್ರೇಮ್ ಒಳಗೆ ವ್ಯಾಕ್ಸ್ ಸಿಂಪಡಿಸುತ್ತೇವೆ. ಫ್ರೇಮ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅಪ್ಪನೂ ಹೇಳಲು ಹೇಳಿದ್ದಾರೆ.