ಬಳ್ಳಾರಿಯಲ್ಲಿ ಬ್ಯಾಂಕ್ ಹರಾಜಿನ ಮನೆ: ಕೀಲಿ ನಿಜವಾಗಿ ಕೈಗೆ ಬರುತ್ತಾ?

ಬಾಡಿಗೆಮನೆ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಸ್ವಂತದ್ದು ಮಾಡಿಕೊಳ್ಳೋಣ ಅಂತ ಒಂದು ವರ್ಷದಿಂದ ಸುತ್ತುತ್ತಿದ್ದೇನೆ. ಸುತ್ತಿದಷ್ಟೂ ರೇಟು ಮೇಲೆ ಹೋಗುತ್ತಿದೆ, ನನ್ನ ಸಂಬಳ ಮಾತ್ರ ಇದ್ದಲ್ಲೇ ಇದೆ.

ಕಳೆದ ವಾರ ಪೇಪರಿನಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ ಒಂದು ಹರಾಜು ಪ್ರಕಟಣೆ ನೋಡಿದೆ. ಸಿರುಗುಪ್ಪ ರಸ್ತೆ ಕಡೆ ಒಂದು ಲೇಔಟ್‌ನಲ್ಲಿ 30x40 ಸೈಟು, ಮೇಲೆ ಕೆಳಗೆ ಎರಡು ಮನೆ. ರಿಸರ್ವ್ ಪ್ರೈಸ್, ಅಂದರೆ ಹರಾಜಿನ ಕನಿಷ್ಠ ಬೆಲೆ, 41 ಲಕ್ಷ; ಇಎಂಡಿ, ಅಂದರೆ ಬಿಡ್ ಹಾಕೋಕೆ ಮೊದಲೇ ಕಟ್ಟುವ ಠೇವಣಿ, 4.10 ಲಕ್ಷ. ಅದೇ ಬೀದಿಯಲ್ಲಿ ಅಂಥದ್ದೇ ಮನೆಗೆ ಬ್ರೋಕರ್ 58 ಹೇಳುತ್ತಾನೆ. ಸ್ಕೂಟರ್ ಹಾಕಿಕೊಂಡು ಹೋಗಿ ಹೊರಗಿನಿಂದ ನೋಡಿ ಬಂದೆ. ಬಾಗಿಲ ಪಕ್ಕ ನೋಟಿಸ್ ಅಂಟಿಸಿದ್ದಾರೆ, ಅರ್ಧ ಹರಿದಿದೆ. ತಮಾಷೆ ಅಂದರೆ ಆ ಬೀದಿಯಲ್ಲಿ ಇನ್ನೂ ಎರಡು ಮನೆಗೆ ಅಂಥದ್ದೇ ನೋಟಿಸ್ ಇದೆ.

ಕೈಯಲ್ಲಿ 12 ಲಕ್ಷ ಇದೆ, ಉಳಿದದ್ದು ಲೋನ್ ಮಾಡಬೇಕು. ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಅಂತ ಇದೆ, ಕೊನೆಯಲ್ಲಿ 'ಇದ್ದಲ್ಲಿ ಇದ್ದಂತೆ' ಅಂತ ಬೇರೆ. ಇದರ ಅರ್ಥ ಏನು? ಯಾರಾದರೂ ಇಲ್ಲಿ ಹೀಗೆ ಕೊಂಡವರು ಇದ್ದೀರಾ? ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಅತ್ತು ಬಿಟ್ಟ ಮನೆಯಲ್ಲಿ ಹಾಲು ಉಕ್ಕಿಸಬಾರದಂತೆ. ನನಗೆ ಅದಕ್ಕಿಂತ ದುಡ್ಡಿನ ಭಯ ಜಾಸ್ತಿ.

ಕಾಗದದ_ಹುಳು

ಮೇಷ್ಟ್ರೇ, ರೇಟು ಆಮೇಲೆ. ಮೊದಲು ಆ 'ಸಾಂಕೇತಿಕ' ಅನ್ನೋ ಪದದ ಮೇಲೆ ಬೆರಳಿಡಿ.

ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದು ನಿವೃತ್ತನಾದವನು. ಇಂಥ ನೋಟಿಸುಗಳನ್ನು ಗೋಂದು ಹಚ್ಚಿ ನಾನೇ ಎಷ್ಟೋ ಬಾಗಿಲಿಗೆ ಅಂಟಿಸಿದ್ದೇನೆ. ಸಾಂಕೇತಿಕ ಅಂದರೆ ಕಾಗದದ ಮೇಲೆ ಮನೆ ಬ್ಯಾಂಕಿನ ಕೈಯಲ್ಲಿದೆ, ಒಳಗೆ ಆ ಮನೆಯವರೇ ಒಲೆ ಹಚ್ಚುತ್ತಿದ್ದಾರೆ ಅಂತ. ಹರಾಜಿನಲ್ಲಿ ಗೆದ್ದರೆ ನಿಮಗೆ ಸಿಗುವುದು ಸೇಲ್ ಸರ್ಟಿಫಿಕೇಟ್. ಕೀಲಿ ಅಲ್ಲ.

ಬ್ಯಾಂಕುಗಳ ಸಾಲ ವಸೂಲಿಗೆ ಇರುವ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಮೊದಲು 60 ದಿನದ ನೋಟಿಸ್ ಕೊಡುತ್ತದೆ. ಕಟ್ಟದಿದ್ದರೆ ಸ್ವಾಧೀನದ ನೋಟಿಸ್, ಅದನ್ನು ಎರಡು ಪೇಪರಿನಲ್ಲಿ ಹಾಕಬೇಕು. ಆಮೇಲೆ ಹರಾಜು. ಮನೆಯವರು ಬಿಟ್ಟುಕೊಡದಿದ್ದರೆ ಬ್ಯಾಂಕಿನವರು 14ನೇ ಸೆಕ್ಷನ್ ಅಡಿ ಡಿಸಿಗೆ ಅರ್ಜಿ ಹಾಕಿ, ಆದೇಶ ತಗೊಂಡು, ಪೊಲೀಸರ ಜೊತೆ ಹೋಗಿ ಬೀಗ ಹಾಕಬೇಕು. ಆದೇಶ 30 ದಿನದಲ್ಲಿ, ಎಳೆದರೆ ಒಟ್ಟು 60 ದಿನದಲ್ಲಿ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆಯ ಕ್ಯಾಲೆಂಡರು ಬೇರೆ, ನಮ್ಮ ಗೋಡೆಯ ಕ್ಯಾಲೆಂಡರು ಬೇರೆ. ಸಾಲಗಾರ ಬೆಂಗಳೂರಿನ ಡಿಆರ್‌ಟಿಗೆ, ಅಂದರೆ ಸಾಲ ವಸೂಲಿ ನ್ಯಾಯಮಂಡಳಿಗೆ, ಹೋಗಿ ತಡೆ ತಂದರೆ ನಿಮ್ಮ ದುಡ್ಡು ಅಲ್ಲೇ ಮಲಗುತ್ತದೆ.

ಇನ್ನು ದುಡ್ಡಿನ ವಿಷಯ, ನಿಮಗೆ ನಿಜವಾದ ಕುತ್ತು ಇರುವುದು ಇಲ್ಲಿ. ಬಿಡ್ ಗೆದ್ದ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಇಎಂಡಿ ಸೇರಿಸಿ 25 ಪರ್ಸೆಂಟ್ ಕಟ್ಟಬೇಕು. 41 ಲಕ್ಷಕ್ಕೇ ಹಿಡಿದರೂ 10.25 ಲಕ್ಷ. ಹರಾಜು ಸ್ಥಿರವಾದ ಮೇಲೆ ಉಳಿದ 30.75 ಲಕ್ಷಕ್ಕೆ 15 ದಿನ. ಬ್ಯಾಂಕು ಬರಹದಲ್ಲಿ ಒಪ್ಪಿದರೆ 3 ತಿಂಗಳವರೆಗೆ ಎಳೆಯಬಹುದು, ಆದರೆ ಒಪ್ಪಲೇಬೇಕು ಅಂತೇನಿಲ್ಲ. ತಪ್ಪಿದರೆ ಆ 10.25 ಲಕ್ಷಕ್ಕೆ ಎಳ್ಳುನೀರು. ಕಟ್ಟಿದ್ದನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳಬಹುದು ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಈಗ ಹೇಳಿ, 15 ದಿನದಲ್ಲಿ ನಿಮಗೆ ಯಾರು ಹೋಮ್ ಲೋನ್ ಕೊಡುತ್ತಾರೆ? ಅದೂ ಒಳಗೆ ಜನ ಇರೋ ಮನೆಗೆ?

ಇವತ್ತೇ ಮಾಡಬೇಕಾದ್ದು ಎರಡು. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ಹದಿಮೂರು ವರ್ಷದ್ದಲ್ಲ, ಸಿಕ್ಕಷ್ಟೂ ಹಿಂದಿನದು. ಮತ್ತೆ ಪಾಲಿಕೆಯಲ್ಲಿ ಇ-ಖಾತೆ ಯಾರ ಹೆಸರಲ್ಲಿದೆ, ಕಂದಾಯ ಎಷ್ಟು ಬಾಕಿ ನೋಡಿ.

ಕೌಲ್‌ಬಜಾರ್_ಹುಡುಗ

ನಾನು ಕೊಂಡಿದ್ದೇನೆ. ಊರು ಇದೇ. ಬ್ಯಾಂಕ್ ಹೆಸರು ಬೇಡ.

ಲಾಭ ಆಯ್ತಾ ಅಂದರೆ ಆಯ್ತು. ಮತ್ತೆ ಮಾಡುತ್ತೀಯಾ ಅಂದರೆ ಇಲ್ಲ. ನಮ್ಮದು ಕೆಳಗಡೆ ಬಾಡಿಗೆದಾರರು, ಮೇಲೆ ಓನರ್. ಓನರ್ ಒಂದು ರಾತ್ರಿ ಖಾಲಿ ಮಾಡಿಕೊಂಡು ಹೋದರು. ಬಾಡಿಗೆಯವನು ಮಾತ್ರ ಕದಲಲಿಲ್ಲ, ನನ್ನ ಅಗ್ರಿಮೆಂಟು ಬ್ಯಾಂಕಿನ ಅಡಮಾನಕ್ಕಿಂತ ಹಳೇದು ಅಂದ. ಅದು ನಿಜವಾಗಿದ್ದರೆ ಅವನಿಗೆ ಕಾನೂನಿನ ಬಲ ಇರುತ್ತದೆ. ನೋಟಿಸ್ ಬಂದ ಮೇಲೆ ಬ್ಯಾಂಕಿಗೆ ಹೇಳದೆ ಕೊಟ್ಟ ಬಾಡಿಗೆಗೆ ಆ ಬಲ ಇಲ್ಲ. ಅವನ ಸ್ಟ್ಯಾಂಪ್ ಪೇಪರು ಹೊಸದಾಗಿ ಬರೆಸಿದ್ದು ಅಂತ ತೋರಿಸೋಕೆ ನನಗೆ 11 ತಿಂಗಳು ಹಿಡಿಯಿತು. ಅಷ್ಟು ದಿನ ನಾನೂ ಬಾಡಿಗೆ ಕಟ್ಟುತ್ತಿದ್ದೆ, ಇಎಂಐಯೂ ಕಟ್ಟುತ್ತಿದ್ದೆ. ಮನೆ ನನ್ನದು, ಒಳಗೆ ಟೀವಿ ನೋಡುತ್ತಿದ್ದವನು ಅವನು!

ಕೊನೆಗೆ ಬೀಗ ತೆಗೆದಾಗ ಮೇಲಿನ ಮನೆ ನೋಡಬೇಕಿತ್ತು ನೀವು. ಸ್ವಿಚ್ ಬೋರ್ಡುಗಳೆಲ್ಲ ಕಿತ್ತಿದ್ದಾರೆ, ಗೋಡೆ ತುಂಬ ಚೌಕ ತೂತು, ಅದರಿಂದ ವೈರು ಹೊರಗೆ ಇಣುಕುತ್ತಿದೆ. ವಾಷ್ ಬೇಸಿನ್ ಇಲ್ಲ. ಬೋರಿನ ಮೋಟರ್ ಇಲ್ಲ. ಕಿಟಕಿ ಚೌಕಟ್ಟು ಒಂದು ಬಿಟ್ಟಿದ್ದರು, ಬಹುಶಃ ಬರಲಿಲ್ಲ. ಅಡುಗೆ ಮನೆಯಲ್ಲಿ ಹಾಲಿನವನ ಲೆಕ್ಕ ಬರೆದ ಕ್ಯಾಲೆಂಡರ್ ಮಾತ್ರ ಹಾಗೇ ತೂಗುತ್ತಿತ್ತು. ನಾಲ್ಕು ಲಕ್ಷ ಸುಮ್ನೆ ರಿಪೇರಿಗೇ ಹೋಯಿತು.

ಅದರ ಮೇಲೆ ಹಳೆ ಓನರಿನ ಕರೆಂಟ್ ಬಿಲ್ಲು 38 ಸಾವಿರ. ನಾನ್ಯಾಕೆ ಕಟ್ಟಲಿ ಅಂತ ವಾದ ಮಾಡಿದೆ, ಲಾಯರ್ ನಕ್ಕರು. 'ಇದ್ದಲ್ಲಿ ಇದ್ದಂತೆ', ಅಂದರೆ ಕುಂದು, ಬಾಕಿ ಎಲ್ಲ ಸಮೇತ ಅಂತ ಕೊಂಡಿದ್ದೀಯ, ವಿದ್ಯುತ್ ನಿಯಮದಲ್ಲಿ ಅವಕಾಶ ಇದ್ದರೆ ಹಳೆ ಬಾಕಿಯನ್ನ ಹರಾಜಿನಲ್ಲಿ ಕೊಂಡವನಿಂದಲೂ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿದೆ ಅಂದರು. ಬಾಯಿ ಮುಚ್ಚಿಕೊಂಡು ಕಟ್ಟಿದೆ. ನೀವು ಮೊದಲೇ ಮೀಟರಿನ ಆರ್‌ಆರ್ ನಂಬರ್ ಬರೆದುಕೊಂಡು ಜೆಸ್ಕಾಂನಲ್ಲಿ ಬಾಕಿ ನೋಡಿಬಿಡಿ. ಐದು ನಿಮಿಷದ ಕೆಲಸ.

ಟಿಪ್ಪರ್_ಮಗ

ಇಲ್ಲಿ ಎಲ್ಲರೂ ಕೊಳ್ಳುವವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಆ ಬಾಗಿಲಿನ ಒಳಗಡೆ ಇದ್ದವನು.

2009ರಲ್ಲಿ ಅಪ್ಪ ಮನೆ ಅಡ ಇಟ್ಟು ಎರಡು ಟಿಪ್ಪರ್ ತಗೊಂಡರು. ಆಗ ಬಳ್ಳಾರಿಯಲ್ಲಿ ಯಾರು ತಗೊಳ್ಳಲಿಲ್ಲ ಹೇಳಿ? ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ಹಗಲು ರಾತ್ರಿ ಮುಗಿಯುತ್ತಿರಲಿಲ್ಲ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ತಪ್ಪು ಅಂತ ನಾನು ಹೇಳುತ್ತಿಲ್ಲ, ಆ ಅಕ್ರಮ ನಿಲ್ಲಲೇಬೇಕಿತ್ತು. ಆದರೆ ನಮ್ಮ ಟಿಪ್ಪರ್‌ಗಳು ಮನೆ ಮುಂದೆ ನಿಂತವು ನಿಂತೇಬಿಟ್ಟವು. ಟೈರು ಕೂತು, ಮಳೆಗಾಲ ಬಂದು, ಚಕ್ರದ ಸಂದಿಯಲ್ಲಿ ಹುಲ್ಲು ಬೆಳೆಯಿತು. 2013ರಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಗುವ ಹೊತ್ತಿಗೆ ಟಿಪ್ಪರ್ ಗುಜರಿಗೆ ಹೋಗಿತ್ತು, ಮನೆ ಹರಾಜಾಗಿತ್ತು.

ನಮ್ಮ ಬೀದಿಯಲ್ಲಿ ನಾಲ್ಕೈದು ಮನೆ ಒಟ್ಟಿಗೆ ಹರಾಜಿಗೆ ಬಂದವು. ಒಂದು ಮನೆ ಕಮ್ಮಿಗೆ ಹೋದರೆ ಮುಂದಿನ ಮನೆಗೆ ವ್ಯಾಲ್ಯುಯರ್ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾನೆ. ಸಾಲ ಸರಿಯಾಗಿ ಕಟ್ಟುತ್ತಿದ್ದ ಪಕ್ಕದ ಮನೆಯವರಿಗೂ ರೇಟು ಬಿತ್ತು. ಮೇಷ್ಟ್ರೇ, ನಿಮ್ಮ ಬೀದಿಯಲ್ಲಿ ಮೂರು ನೋಟಿಸ್ ಇದೆ ಅಂದಿರಲ್ಲ, ಬ್ರೋಕರಿನ 58 ಮರೆತುಬಿಡಿ. ಆ ರೇಟಿಗೆ ಅಲ್ಲಿ ಯಾರೂ ಕೊಳ್ಳುವುದಿಲ್ಲ. ನಿಮಗೆ ಲೋನ್ ಕೊಡುವ ಬ್ಯಾಂಕೂ 58 ಅಂತ ಬರೆಯುವುದಿಲ್ಲ.

ಇನ್ನೊಂದು ಮಾತು. ಹರಾಜಿನ ದುಡ್ಡಿನಲ್ಲಿ ಬ್ಯಾಂಕಿನ ಸಾಲ, ಬಡ್ಡಿ, ಖರ್ಚು ಕಳೆದು ಉಳಿದದ್ದು ಸಾಲಗಾರನಿಗೆ ಸೇರುತ್ತದೆ. ನಮಗೆ ಏನೂ ಉಳಿಯಲಿಲ್ಲ, ಅಷ್ಟು ಕಮ್ಮಿಗೆ ಹೋಯಿತು. ಹರಾಜಿಗೆ ಮೊದಲೇ ಯಾರಾದರೂ ಬಂದು ಬಾಗಿಲು ಬಡಿದು "ಬ್ಯಾಂಕಿನ ಜೊತೆ ಮಾತಾಡೋಣ ಬನ್ನಿ, ನಾನೇ ಕೊಳ್ಳುತ್ತೇನೆ" ಅಂದಿದ್ದರೆ ಅಪ್ಪ ಕೈ ಮುಗಿದು ಕೊಡುತ್ತಿದ್ದರು. ಬಂದವರೆಲ್ಲ ಹೊರಗೆ ನಿಂತು ಫೋಟೊ ತೆಗೆದುಕೊಂಡು ಹೋದರು. ಸ್ಕೂಟರ್ ಮೇಲೆ ಕೂತೇ.

ಫೀನಿಕ್ಸ್‌ನ_ಬಳ್ಳಾರಿಯವ

ಟಿಪ್ಪರ್_ಮಗ ಹೇಳಿದ್ದು ಓದಿ ನಾನು ಬರೆಯಲೇಬೇಕು ಅನ್ನಿಸಿತು. ಅಮೆರಿಕದ ಫೀನಿಕ್ಸ್‌ನಲ್ಲಿದ್ದೇನೆ, ಇಲ್ಲಿನ ಬಿಸಿಲೂ ನಮ್ಮೂರಿಂದ ತಂದಂತೆಯೇ ಇದೆ. 2010ರಲ್ಲಿ ಇಲ್ಲಿ ಮನೆ ಕೊಂಡೆ. ಲೇಮನ್ ಬ್ಯಾಂಕು ಮುಳುಗಿ ಎರಡು ವರ್ಷ ಆಗುತ್ತಾ ಬಂದಿತ್ತು, ಬೀದಿ ಬೀದಿಯಲ್ಲಿ ಫೋರ್‌ಕ್ಲೋಷರ್, ಅಂದರೆ ಸಾಲಕ್ಕೆ ಮನೆ ಜಪ್ತಿಯ, ಬೋರ್ಡು. ಮೊದಲ ಮನೆ ಕೊಳ್ಳುವವರಿಗೆ ಸರ್ಕಾರ ತೆರಿಗೆಯಲ್ಲಿ 8,000 ಡಾಲರ್‌ವರೆಗೆ ಬೇರೆ ಬಿಟ್ಟುಕೊಡುತ್ತಿತ್ತು. ಸುಲಭ ಇರಬೇಕು ಅಲ್ವಾ? ಎಂಟು ಮನೆಗೆ ಆಫರ್ ಹಾಕಿ ಎಂಟೂ ಸೋತೆ. ಪೂರ್ತಿ ನಗದು ಹಿಡಿದ ಇನ್ವೆಸ್ಟರ್ ಬಂದರೆ ಲೋನ್ ಹಿಡಿದ ನನ್ನಂಥವನನ್ನು ಬ್ಯಾಂಕು ಮೂಸಿಯೂ ನೋಡುತ್ತಿರಲಿಲ್ಲ. ಬಳ್ಳಾರಿಯ 15 ದಿನದ ಲೆಕ್ಕವೂ ಅದೇ ತರ. ಅಗ್ಗದ ಮನೆ ಯಾವತ್ತೂ ದುಡ್ಡು ರೆಡಿ ಇಟ್ಟುಕೊಂಡವನಿಗೇ.

ಕೊನೆಗೆ ನನಗೆ ಸಿಕ್ಕಿದ್ದು ಶಾರ್ಟ್ ಸೇಲ್‌ನಲ್ಲಿ. ಓನರೇ ಮಾರುತ್ತಾನೆ, ಸಾಲಕ್ಕಿಂತ ಕಮ್ಮಿ ಬಂದರೂ ಬ್ಯಾಂಕು ಒಪ್ಪಿಕೊಳ್ಳುತ್ತದೆ. ಬ್ಯಾಂಕಿನ ಒಂದು ಸಹಿಗೆ ಏಳು ತಿಂಗಳು ಕಾದೆ. ಆದರೆ ಓನರ್ ಕೀಲಿ ಕೈಗೆ ಕೊಟ್ಟು, ಎಸಿ ಎಲ್ಲಿ ತೊಂದರೆ ಕೊಡುತ್ತೆ ಅಂತ ತೋರಿಸಿ ಹೋದ. ಊರಲ್ಲಿ ಇಂಥದ್ದು ನಡೆಯುತ್ತಾ ಗೊತ್ತಿರುವವರು ಹೇಳಿ.

ಕಾಗದದ_ಹುಳು

ನಡೆಯುತ್ತದೆ. ಒಟಿಎಸ್ ಅಂತ ಕೇಳಿರುತ್ತೀರಿ, ಒಂದೇ ಕಂತಿನಲ್ಲಿ ತೀರಿಸುವುದು. ಸಾಲಗಾರ ಬ್ಯಾಂಕಿಗೆ ಅರ್ಜಿ ಕೊಟ್ಟು, ಬ್ಯಾಂಕು ಇಷ್ಟಕ್ಕೆ ಮುಗಿಸುತ್ತೇವೆ ಅಂತ ಪತ್ರ ಕೊಟ್ಟರೆ, ಕೊಳ್ಳುವವನು ದುಡ್ಡನ್ನು ನೇರ ಸಾಲದ ಖಾತೆಗೆ ಕಟ್ಟಬಹುದು. ಬ್ಯಾಂಕು ದಾಖಲೆ ಬಿಟ್ಟುಕೊಡುತ್ತದೆ, ಓನರೇ ನಿಮಗೆ ಕ್ರಯಪತ್ರ ಬರೆದುಕೊಡುತ್ತಾನೆ. ಆದರೆ ಕಟ್ಟುವ ದಿನ ನಿಮ್ಮ ಲೋನ್ ಮಂಜೂರಾಗಿ ಕೈಯಲ್ಲಿರಬೇಕು. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ಬ್ಯಾಂಕಿನ ಪತ್ರ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸ್ ಅವರ ಕೈಗೆ ಕೊಡಬೇಡಿ. ಹರಾಜು ಪ್ರಕಟಣೆ ಆಗಲೇ ಬಂದಿರುವುದೂ ನಿಮಗೆ ತೊಡಕು. ಸರ್ಫೇಸಿ ಕಾಯ್ದೆಯ 2016ರ ತಿದ್ದುಪಡಿ, 2023ರ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ನೋಡಿದರೆ ಪ್ರಕಟಣೆ ಆದ ಮೇಲೆ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಉಳಿಯುವುದಿಲ್ಲ. ಆಮೇಲೆ ಎಲ್ಲ ಬ್ಯಾಂಕಿನ ಮರ್ಜಿ. ಈ ಹರಾಜಿಗೆ ಯಾರೂ ಬಿಡ್ ಹಾಕದೆ ಬಿದ್ದುಹೋದರೆ ಬ್ಯಾಂಕಿನವರು ತಾವೇ ಮೆತ್ತಗಾಗುತ್ತಾರೆ, ಅದು ನಾನು ಕಂಡದ್ದು.

ಬಾಡಿಗೆಮನೆ_ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಟಿಪ್ಪರ್_ಮಗ ಅವರೇ, ಸ್ಕೂಟರ್ ಮೇಲೆ ಕೂತೇ ಫೋಟೊ ತೆಗೆದವರಲ್ಲಿ ನಾನೂ ಒಬ್ಬ. ಓದಿ ನಾಚಿಕೆ ಆಯಿತು.

ಭಾನುವಾರ ಹೋಗಿ ಬಾಗಿಲು ಬಡಿದೆ. ವಯಸ್ಸಾದವರೊಬ್ಬರು ತೆಗೆದರು. ಬ್ಯಾಂಕಿನವರಾ ಅಂದರು. ಅಲ್ಲ, ಮೇಷ್ಟ್ರು ಅಂದೆ. ಒಳಗೆ ಕರೆದು ಮಂಡಕ್ಕಿ ಕೊಟ್ಟರು. ಮಗ ಜೀನ್ಸ್ ಹೊಲಿಯುವ ಯೂನಿಟ್ ಹಾಕಿ ಕೈ ಸುಟ್ಟುಕೊಂಡನಂತೆ. ಮೆಟ್ಟಿಲ ಕೆಳಗೆ ಇನ್ನೂ ಎರಡು ಹೊಲಿಗೆ ಮಷಿನ್ ಪ್ಲಾಸ್ಟಿಕ್ ಹೊದ್ದು ನಿಂತಿವೆ. ಬ್ಯಾಂಕಿಗೆ ಒಟ್ಟು 36 ಲಕ್ಷ ಬಾಕಿ ಅಂದರು. ಅದಕ್ಕಿಂತ ಮೇಲೆ ಎಷ್ಟು ಬಂದರೂ ಸಾಕು, ಅವರೇ ಬ್ಯಾಂಕಿಗೆ ಜೊತೆಗೆ ಬರುತ್ತಾರಂತೆ.

ಕರೆಂಟ್ ಬಾಕಿ ಇಲ್ಲ, ನೋಡಿದೆ. ಕಂದಾಯ ಮೂರು ವರ್ಷದ್ದು ಇದೆ. ಕಾಗದದ_ಹುಳು ಸರ್, ಒಂದೇ ಅನುಮಾನ. ಮಾತಿನ ಮಧ್ಯೆ ಅವರು ಈ ಸೈಟು ನಮ್ಮ ಅಪ್ಪ ತಗೊಂಡಿದ್ದು ಅಂದರು. ಹೊಸಪೇಟೆಯಲ್ಲಿ ತಂಗಿ ಇದ್ದಾರಂತೆ, ಆದರೆ ಅಡಮಾನಕ್ಕೆ ಸಹಿ ಹಾಕಿದ್ದು ಇವರು, ಇವರ ಮಗ ಇಬ್ಬರೇ.

ಕಾಗದದ_ಹುಳು

ತಂಗಿ ಸಹಿ ಇಲ್ಲವಾ? ಹಾಗಾದರೆ ನಿಲ್ಲಿ. ಅಪ್ಪ ಉಯಿಲು ಬರೆದಿದ್ದಾರಾ, ಪಾಲು ಆಗಿದೆಯಾ, ತಂಗಿ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದಾರಾ, ಅದು ಗೊತ್ತಾಗಬೇಕು. ಉಯಿಲು ಇಲ್ಲದಿದ್ದರೆ ಅಪ್ಪನ ಸ್ವಯಾರ್ಜಿತ ಆದರೂ ಮಗಳಿಗೆ ಪಾಲಿದೆ, ಪಿತ್ರಾರ್ಜಿತ ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಇನ್ನೂ ಗಟ್ಟಿ. ನಾಳೆ ಅವರು ಸಿವಿಲ್ ಕೋರ್ಟಿಗೆ ಹೋದರೆ ಹರಾಜಿನಲ್ಲಿ ಕೊಂಡರೂ ನೀರು ಕುಡಿಯಬೇಕು, ಕ್ರಯಕ್ಕೆ ಕೊಂಡರೂ ನೀರು ಕುಡಿಯಬೇಕು. ಆದರೆ ಕ್ರಯದಲ್ಲಿ ತಂಗಿಯನ್ನೂ ಸಹಿಗೆ ಕೂರಿಸಬಹುದು. ಹರಾಜಿನಲ್ಲಿ ಆಗುವುದಿಲ್ಲ.

ಬಾಡಿಗೆಮನೆ_ಮೇಷ್ಟ್ರು

ಅರ್ಥ ಆಯಿತು ಸರ್. ಇಎಂಡಿ ಕಟ್ಟಲು ಶುಕ್ರವಾರ ಸಂಜೆ 5 ಗಂಟೆ ಕೊನೆ. ಕಟ್ಟುತ್ತಿಲ್ಲ. ಹರಾಜು ಬಿದ್ದುಹೋದರೆ ಆ ಅಜ್ಜನ ಜೊತೆ ಮೊದಲು ಹೊಸಪೇಟೆಗೆ ಹೋಗಿ ಬರುತ್ತೇನೆ. ಬೇರೆ ಯಾರಾದರೂ ತಗೊಂಡರೆ, ಬಾಡಿಗೆ ಮನೆ ಇದ್ದೇ ಇದೆ.

ಅಮ್ಮನಿಗೆ ಹೇಳಿದೆ. ಅವರ ಮೊದಲ ಪ್ರಶ್ನೆ, ಮಂಡಕ್ಕಿಗೆ ಮೆಣಸಿನಕಾಯಿ ಕೊಟ್ಟಿದ್ದರಾ ಅಂತ.