ಉದ್ದಪೆಟ್ಟಿಗೆಯ ಗಡಿಯಾರದಲ್ಲಿ ‘ಗುಂಡು’ ಯಾವುದು? ‘ಬೀಟ್’ಗೆ ಕನ್ನಡವೇನು?

ಆಳೆತ್ತರವನ್ನು ಮೀರಿದ ಮರದ ಪೆಟ್ಟಿಗೆಯಲ್ಲಿ, ನೆಲದ ಮೇಲೆಯೇ ನಿಲ್ಲುವ ಹಳೆಯ ಗಡಿಯಾರಗಳ ಆರೈಕೆಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮುಳ್ಳು, ಹಲ್ಲುಚಕ್ರ, ರಾಟೆ, ಲೋಲಕ ಇವೆಲ್ಲ ಕರೆದ ಕೂಡಲೇ ಬಂದವು. ಎರಡು ಕಡೆ ಮಾತ್ರ ಬರವಣಿಗೆ ನಿಂತಿದೆ. ಬಲ್ಲವರು ನೆರವಾಗಬೇಕು.

ಮೊದಲ ತೊಡಕು ಗುಂಡಿನದು. ಈ ಗಡಿಯಾರವನ್ನು ನಡೆಸುವುದು ಸುರುಳಿ ಸ್ಪ್ರಿಂಗ್ ಅಲ್ಲ, ತೂಗುಬಿಟ್ಟ ಭಾರಗಳು. ಸಾಮಾನ್ಯವಾಗಿ ಎರಡಿರುತ್ತವೆ: ಒಂದು ಮುಳ್ಳುಗಳನ್ನು ನಡೆಸಲು, ಇನ್ನೊಂದು ಗಂಟೆ ಬಾರಿಸಲು. ಇವುಗಳ ಹಿಂದೆ ಬೀಸುವ ಲೋಲಕದ ತುದಿಯಲ್ಲಿಯೂ ಒಂದು ಭಾರವಿದೆ. ಆಡುಮಾತಿನಲ್ಲಿ ಅದೂ ಗುಂಡು, ಇದೂ ಗುಂಡು. ಹೀಗಿರುವಾಗ ‘ಗುಂಡನ್ನು ಮೇಲೇರಿಸಿ’ ಎಂದು ಬರೆದರೆ ಓದುಗರು ಏನು ಮಾಡಬೇಕು? ನಡೆಸುವ ಭಾರವನ್ನು ಏರಿಸಿದರೆ ವಾರದ ಕೀಲಿ ಕೊಟ್ಟಂತಾಯಿತು. ಲೋಲಕದ ಭಾರವನ್ನು ಏರಿಸಿದರೆ ಗಡಿಯಾರ ಮುಂದೆ ಓಡುತ್ತದೆ. ಸೆಕೆಂಡಿಗೊಮ್ಮೆ ಬೀಸುವ ಲೋಲಕದ ಉದ್ದ ಸುಮಾರು 99 ಸೆಂ.ಮೀ. ಅದರಲ್ಲಿ ಒಂದೇ ಮಿಲಿಮೀಟರ್ ಕಡಿಮೆಯಾದರೂ ದಿನಕ್ಕೆ 43 ಸೆಕೆಂಡುಗಳಷ್ಟು ವ್ಯತ್ಯಾಸವಾಗುತ್ತದೆ.

ಇನ್ನೂ ಪೇಚಿನ ವಾಕ್ಯವೊಂದಿದೆ. ಎಂಟು ದಿನ ನಡೆಯುವ ಗಡಿಯಾರ ಎಷ್ಟೋ ಸಲ ವಾರದ ಕೊನೆಗೆ, ಕಾರಣವೇ ಇಲ್ಲದಂತೆ ನಿಂತುಬಿಡುತ್ತದೆ. ಪೆಟ್ಟಿಗೆ ಗೋಡೆಗೆ ಭದ್ರವಾಗಿರದಿದ್ದರೆ, ಇಳಿಯುತ್ತ ಬಂದ ಭಾರ ಲೋಲಕದ ಭಾರದ ಮಟ್ಟವನ್ನು ಮುಟ್ಟುವ ಹೊತ್ತಿಗೆ ತಾನೂ ತೂಗಾಡತೊಡಗಿ ಲೋಲಕದ ಕಸುವನ್ನು ಕಸಿಯುತ್ತದೆ. ಇದನ್ನು ‘ಗುಂಡು ಗುಂಡಿನ ಮಟ್ಟಕ್ಕೆ ಬಂದಾಗ’ ಎಂದು ಬರೆದು, ಓದಿ ನೋಡಿ, ನಾನೇ ನಕ್ಕು ಅಳಿಸಿದೆ. ‘ತೂಕ’ ಎಂಬ ಪದವೂ ಕೈಕೊಡುತ್ತದೆ. ತೂಕ ಇಳಿಯಿತು ಎಂದರೆ ವೈದ್ಯರ ನೆನಪಾಗುತ್ತದೆ. ಲೋಲಕದ ತುದಿಯಲ್ಲಿರುವುದು ಎರಡೂ ಬದಿ ಸ್ವಲ್ಪ ಉಬ್ಬಿದ ಚಪ್ಪಟೆ ತಟ್ಟೆಯಾದ್ದರಿಂದ ಅದನ್ನು ‘ಬಿಲ್ಲೆ’ ಎಂದು ಕರೆದು, ‘ಗುಂಡು’ ಎಂಬುದನ್ನು ನಡೆಸುವ ಭಾರಕ್ಕೇ ಮೀಸಲಿಡಬಹುದೇ? ಅದೂ ಗುಂಡಗಿಲ್ಲ, ಉರುಳೆಯಾಕಾರದ್ದು ಎಂದು ಯಾರಾದರೂ ತಕರಾರು ತೆಗೆದಾರು. ತೆಗೆಯಲಿ.

‘ಕೀಲಿ ಕೊಡು’ ಎಂಬುದರಲ್ಲಿ ಜಗಳವಿಲ್ಲ. ಮೂವತ್ತು ಗಂಟೆ ನಡೆಯುವ ಬಗೆಗೆ ಸಾಮಾನ್ಯವಾಗಿ ಕೀಲಿಯೇ ಇರುವುದಿಲ್ಲವಾದ್ದರಿಂದ ಅಲ್ಲಿ ‘ಸರಪಳಿ ಎಳೆಯಿರಿ’ ಎಂದಿದ್ದೇನೆ.

ಎರಡನೆಯದೇ ನಿಜವಾದ ಸಮಸ್ಯೆ. ಇಂಗ್ಲಿಷಿನಲ್ಲಿ ಗಡಿಯಾರ ‘ಬೀಟ್’ನಲ್ಲಿದೆ ಎನ್ನುತ್ತಾರೆ. ಟಿಕ್‌ನಿಂದ ಟಾಕ್‌ಗೆ, ಟಾಕ್‌ನಿಂದ ಮತ್ತೆ ಟಿಕ್‌ಗೆ ಇರುವ ಅಂತರ ಸಮವಾಗಿದೆ ಎಂದು ಇದರ ಅರ್ಥ. ಪೆಟ್ಟಿಗೆ ವಾಲಿದರೆ, ಅಥವಾ ಲೋಲಕಕ್ಕೆ ನೂಕು ಕೊಡುವ ಕವೆ ಒಂದು ಕಡೆ ಬಾಗಿದ್ದರೆ ಸದ್ದು ಟಿಕ್‌ಟಾಕ್... ಟಿಕ್‌ಟಾಕ್... ಎಂದು ಕುಂಟುತ್ತದೆ, ಕೊನೆಗೆ ನಿಂತೂ ಹೋಗಬಹುದು. ಕವೆಯನ್ನು ನವಿರಾಗಿ ಬಗ್ಗಿಸಿ ಸರಿಪಡಿಸುತ್ತಾರೆ.

ಮೊದಲು ಹೊಳೆದದ್ದು ‘ಲಯ’. ಆದರೆ ವಿಳಂಬ ಲಯ, ದ್ರುತ ಲಯ ಎಂದು ಕೇಳಿ ಬೆಳೆದವರಿಗೆ ಅದು ವೇಗವೇ. ಇಲ್ಲಿನ ಮಾತು ವೇಗದ್ದಲ್ಲ. ಕುಂಟುವ ಗಡಿಯಾರವೂ ಸರಿಯಾದ ಸಮಯ ತೋರಿಸಬಹುದು, ಸಮವಾಗಿ ಟಿಕ್ಕೆನ್ನುವುದು ದಿನಕ್ಕೆ ಐದು ನಿಮಿಷ ಹಿಂದೆ ಬೀಳಬಹುದು. ಲಯ ತಪ್ಪಿದೆ ಎಂದು ಓದಿದವರು ನೇರವಾಗಿ ಬಿಲ್ಲೆಯ ಕೆಳಗಿನ ತಿರುಪಿಗೆ ಕೈಹಾಕುತ್ತಾರೆ. ‘ಬಡಿತ’ ಎನ್ನೋಣವೆಂದರೆ ಗಡಿಯಾರ ಹನ್ನೆರಡು ಬಡಿಯಿತು ಎಂಬ ಪ್ರಯೋಗ ಅಡ್ಡ ಬರುತ್ತದೆ. ಸದ್ಯಕ್ಕೆ ‘ಮಿಡಿತ’ ಎಂದು ಬರೆದುಕೊಂಡಿದ್ದೇನೆ: ಮಿಡಿತ ಸಮವಾಗಿದೆ, ಮಿಡಿತ ಕುಂಟುತ್ತಿದೆ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಅಜ್ಜನ ಗಡಿಯಾರ’ವನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಆ ಹೆಸರು ಜನಪ್ರಿಯವಾದದ್ದು 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಬರೆದ ಹಾಡಿನಿಂದ; ಗಡಿಯಾರವಾದರೋ ಹದಿನೇಳನೆಯ ಶತಮಾನದ್ದು. ಒಬ್ಬರು ಸೂಚಿಸಿದ ‘ನಿಲುಗಡಿಯಾರ’ ಅಡಕವಾಗಿದೆ, ಆದರೆ ಕೆಟ್ಟು ನಿಂತದ್ದೆಂಬ ಧ್ವನಿ ಬರುತ್ತದೆ.

ಗಡಿಯಾರ ದುರಸ್ತಿಯವರ ಒಡನಾಟದಲ್ಲಿ ಬೆಳೆದವರು, ಟಿಕ್‌ಟಾಕ್ ಕುಂಟಿದಾಗ ಆ ಮೇಜಿನ ಹಿಂದಿನಿಂದ ಯಾವ ಮಾತು ಬರುತ್ತಿತ್ತು ಎಂಬುದನ್ನು ದಯವಿಟ್ಟು ತಿಳಿಸಿ. ಬಳಕೆಯ ಪದ ಸಿಕ್ಕರೆ ನನ್ನ ‘ಮಿಡಿತ’ವನ್ನು ಸಂತೋಷದಿಂದಲೇ ಹೊಡೆದುಹಾಕುತ್ತೇನೆ.