ಹೊಸದಾಗಿ ತಂದ ಗೋಸುಂಬೆ ಯಾವ ಉಪಜಾತಿ?

ಕಲಬುರಗಿ ಹುಡುಗ: ಹೋದ ವಾರ 9,000 ಕೊಟ್ಟು ಗೋಸುಂಬೆ ತಂದೆ. ಯೆಮನ್ ಕಡೆಯ ವೇಲ್ಡ್ ಕೆಮಿಲಿಯನ್ ಅಂತ ಹೇಳಿ ಕೊಟ್ಟರು. ಅದರಲ್ಲಿ ಕ್ಯಾಲಿಪ್ಟ್ರೇಟಸ್, ಕ್ಯಾಲ್ಕಾರಿಫರ್ ಅಂತ ಎರಡು ಉಪಜಾತಿ ಇವೆಯಂತೆ. ನಂದು ಯಾವುದು? ಮೂತಿಯಿಂದ ಬಾಲದ ತುದಿವರೆಗೆ 13 ಇಂಚು. ಹಸಿರು ಮೈ, ಹಳದಿ ಚುಕ್ಕೆ. ತಲೆ ಮೇಲಿನ ಕಿರೀಟ ಚಿಕ್ಕದು. ಹಿಂಗಾಲಿನ ಹಿಮ್ಮಡಿಯಲ್ಲಿ ಹುಂಜಕ್ಕಿರುವಂಥ ಮುಳ್ಳು ಇದೆ.

ತೊಗರಿ ಕಣಜ: ಕಿರೀಟ ಚಿಕ್ಕದು, ಮೇಲೆ ಮುಳ್ಳು ಬೇರೆ. ಕ್ಯಾಲ್ಕಾರಿಫರ್ರೇ. ಆ ಹೆಸರಿನ ಅರ್ಥವೇ ಮುಳ್ಳು ಹೊತ್ತದ್ದು ಅಂತ. ಸೌದಿ ಕಡೆಯದು. ಒಳ್ಳೆ ವ್ಯಾಪಾರ ಮಾಡಿದ್ದೀರಿ.

ಬೀದರ್ ಅಕ್ಕ: ಹೆಸರು ನೋಡಿ ಜಾತಿ ಹೇಳಬೇಡಿ ರೀ. ಆ ಮುಳ್ಳು ಎರಡೂ ಉಪಜಾತಿಯ ಗಂಡಿಗೆ ಇರುತ್ತದೆ, ಮೊಟ್ಟೆಯೊಡೆದು ಬಂದ ದಿನದಿಂದಲೇ. ಅದರಿಂದ ಗಂಡು ಅಂತ ಗೊತ್ತಾಯ್ತು, ಅಷ್ಟೇ. ನಮ್ಮ ಮನೆಯಲ್ಲೂ ಒಂದು ವೇಲ್ಡ್ ಇದೆ. ಇಷ್ಟುದ್ದದ ಗಂಡಿಗೆ ಕಿರೀಟ ಮೀನಿನ ರೆಕ್ಕೆ ಥರ ಎದ್ದು ಕಾಣಬೇಕಿತ್ತು. ಗದ್ದದ ಕೆಳಗಿನ ಫೋಟೋ ಹಾಕಿ ನೋಡೋಣ.

ಬಣ್ಣದ ಹುಚ್ಚ: ಅಂಬಿಲೋಬೆ ಉಪಜಾತಿ ಇರಬಹುದಾ?

ಬೀದರ್ ಅಕ್ಕ: ಅದು ಮಡಗಾಸ್ಕರ್‌ನ ಒಂದು ಊರು. ಪ್ಯಾಂಥರ್ ಗೋಸುಂಬೆಗಳನ್ನ ಸಿಗುವ ಊರಿನ ಹೆಸರಲ್ಲಿ ಕರೀತಾರೆ. ಅದು ಉಪಜಾತಿ ಅಲ್ಲ, ಇದು ಪ್ಯಾಂಥರೂ ಅಲ್ಲ.

ಹಳೇ ಮೇಷ್ಟ್ರು: ತಮ್ಮಾ, ಇದು ನಮ್ಮ ನಾಡಿನದೇ ಗೋಸುಂಬೆ ಅಲ್ವಾ? ಇಂಥದ್ದನ್ನ ನಾನು ಚಿಂಚೋಳಿ ಕಡೆ ಜಾಲಿ ಗಿಡದಲ್ಲಿ ನೋಡಿದ್ದೇನೆ.

ತೊಗರಿ ಕಣಜ: ಸರ್, ನಮ್ಮ ಕಡೆ ಇರೋದು ಓತಿಕ್ಯಾತ.

ಹಳೇ ಮೇಷ್ಟ್ರು: ಓತಿಕ್ಯಾತದ ಬೆರಳು ಬಿಡಿಬಿಡಿ, ಕಂಡರೆ ಸರಕ್ಕನೆ ಓಡುತ್ತದೆ. ಗೋಸುಂಬೆಯ ಬೆರಳು ಇಕ್ಕಳದ ಹಾಗೆ ಎರಡು ಕಟ್ಟು. ಮುಂಗಾಲಲ್ಲಿ ಒಳಗೆ ಮೂರು, ಹೊರಗೆ ಎರಡು. ಹಿಂಗಾಲಲ್ಲಿ ಉಲ್ಟಾ. ಮುಳ್ಳಿನ ಮಾತಿಗೆ ಬಂದರೆ, ನಮ್ಮ ಗೋಸುಂಬೆಯ ಗಂಡಿಗೂ ಅದು ಇದೆ. ಈಗ ಇದನ್ನ ಜೈಲಾನಿಕಸ್ ಅಂತಾರೆ. ಬ್ರಿಟಿಷರ ಕಾಲದ ಪುಸ್ತಕದಲ್ಲಿ ಕ್ಯಾಲ್ಕರೇಟಸ್ ಅಂತಿತ್ತು. ಅದರ ಅರ್ಥವೂ ಮುಳ್ಳುಳ್ಳದ್ದು ಅಂತಲೇ! ಇದರಲ್ಲಿ ಉಪಜಾತಿಗಳೇ ಇಲ್ಲ.

ಕಲಬುರಗಿ ಹುಡುಗ: ಫೋಟೋ ಹಾಕಿದೆ. ಗದ್ದದಿಂದ ಹೊಟ್ಟೆವರೆಗೆ ಸಣ್ಣ ಹಲ್ಲಿನಂಥ ಬಿಳಿ ಸಾಲು ಇದೆ. ಬೆನ್ನಿನ ಗರಗಸ ಇದ್ದೂ ಇಲ್ಲದ ಹಾಗೆ. ಇನ್ನೊಂದು ಈಗ ಕಂಡಿತು. ಸೊಂಟದ ಸುತ್ತ ಕಪ್ಪು ಗೆರೆ, ದಾರ ಬಿಗಿದ ಗುರುತಿನ ಹಾಗಿದೆ.

ಬೀದರ್ ಅಕ್ಕ: ಹಾಗಾದರೆ ಮೇಷ್ಟ್ರ ಮಾತೇ ಸರಿ. ವೇಲ್ಡ್‌ಗೆ ಗದ್ದದಡಿ ಉದ್ದುದ್ದ ಹಲ್ಲು ಜೋತಾಡುತ್ತವೆ, ಬೆನ್ನಿನ ಮೇಲೂ ದಪ್ಪಗೆ ಇರುತ್ತವೆ. ಇದನ್ನ ಯಾರೋ ಗಿಡದಿಂದ ಹಿಡಿದು ದಾರ ಕಟ್ಟಿ ತಂದಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಗೋಸುಂಬೆಯನ್ನ ಹಿಡಿಯೋದು, ಮಾರೋದು, ಸಾಕೋದು ಎಲ್ಲ ತಪ್ಪು.

ತೊಗರಿ ಕಣಜ: ಪಾಪ, ಅವನೇನು ಕದ್ದಿಲ್ಲವಲ್ಲ. ರಾತ್ರಿ ಸುಮ್ನೆ ಯಾವುದಾದರೂ ಹೊಲಕ್ಕೆ ಬಿಟ್ಟು ಬರಲಿ.

ಬೀದರ್ ಅಕ್ಕ: ಬೇಡ. ಸೊಂಟದಲ್ಲಿ ಗಾಯ ಇದ್ದರೆ ಮೊದಲು ಡಾಕ್ಟರು ನೋಡಬೇಕು. ಅರಣ್ಯ ಇಲಾಖೆಗೆ ಒಪ್ಪಿಸಿ, ಇದ್ದದ್ದು ಇದ್ದ ಹಾಗೆ ಹೇಳಿ. ನಿಜವಾದ ಯೆಮನ್‌ದೇ ಆಗಿದ್ದರೂ 2024ರ ನಿಯಮದ ಪ್ರಕಾರ ಪರಿವೇಶ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕಿತ್ತು. ನಿಮಗೆ ಏನು ಕಾಗದ ಕೊಟ್ಟರು?

ಕಲಬುರಗಿ ಹುಡುಗ: ಕಾಗದ ಎಲ್ಲಿಂದ ಅಕ್ಕ, ಒಂದು ಡಬ್ಬಿ ಹುಳ ಕೊಟ್ಟರು. ಇದು ನೀರು ಕುಡಿದದ್ದನ್ನೇ ನಾನು ನೋಡಿಲ್ಲ. ಬಟ್ಟಲು ಇಟ್ಟಿದ್ದು ಹಾಗೇ ಇದೆ.

ಹಳೇ ಮೇಷ್ಟ್ರು: ಬಟ್ಟಲಿನ ನಿಂತ ನೀರು ಅದಕ್ಕೆ ನೀರು ಅಂತ ಗೊತ್ತೇ ಆಗೋದಿಲ್ಲ ತಮ್ಮಾ. ಎಲೆ ಮೇಲಿನ ಹನಿ ನೆಕ್ಕುವ ಪ್ರಾಣಿ ಅದು. ಈ ಬಿಸಿಲಲ್ಲಿ ಕಾಯಬೇಡ, ಈಗಲೇ ಒಂದು ಟೊಂಗೆ ಇಟ್ಟು ನೀರು ಚಿಮುಕಿಸು.

ಕಲಬುರಗಿ ಹುಡುಗ: ಬೇವಿನ ಟೊಂಗೆ ಇಟ್ಟು ಚಿಮುಕಿಸಿದೆ. ಮೊದಲು ಒಂದು ಕಣ್ಣು ಮಾತ್ರ ಎಲೆ ಕಡೆ ತಿರುಗಿತು, ಇನ್ನೊಂದು ನನ್ನ ಮೇಲೇ ಇತ್ತು. ಆಮೇಲೆ ಮೂತಿ ಎಲೆಗೆ ಹಚ್ಚಿ ಹತ್ತು ನಿಮಿಷ ಬಿಡದೆ ಕುಡಿಯಿತು. ನಾಳೆ ಬೆಳಿಗ್ಗೆ ಫಾರೆಸ್ಟ್ ಆಫೀಸಿಗೆ ಹೋಗ್ತೀನಿ.

ತೊಗರಿ ಕಣಜ: ಮತ್ತೆ ಆ 9,000?

ಕಲಬುರಗಿ ಹುಡುಗ: ಮಧ್ಯಾಹ್ನದಿಂದ ಹಚ್ಚುತ್ತಾ ಇದ್ದೇನೆ ಅಣ್ಣಾ. ಸ್ವಿಚ್ ಆಫ್.